ಬರಿದಾಗಿ ಉಳಿಸಿದ ಹೆಗಲು

ಆಸ್ಟ್ರೇಲಿಯಾದ ನಡುಭಾಗದ ಮರುಭೂಮಿಯಲ್ಲಿ ಬಾಳುವ ಆ ಮೂಲನಿವಾಸಿಗಳಲ್ಲಿ, ತೀರಿಕೊಂಡವರ ಹೆಸರನ್ನು ಬಹುಕಾಲ ಯಾರೂ ಉಚ್ಚರಿಸುವುದಿಲ್ಲ. ಈ ಪ್ರಸಂಗದ ಪುಣ್ಯಜೀವಿಯೂ ಈಗ ನಮ್ಮೊಡನಿಲ್ಲ. ಆದ್ದರಿಂದ ಅವರನ್ನು ಅಜ್ಜಿಯವರು ಎಂದಷ್ಟೇ ಕರೆಯುತ್ತೇನೆ.

ಅಜ್ಜಿಯವರು ವಾಸವಾಗಿದ್ದುದು ತಗಡಿನ ಒಂದು ಕೋಣೆಯಲ್ಲಿ. ಹಗಲೆಲ್ಲ ಅದರ ಹೊರಗೆ, ಕೆಂಪು ಮಣ್ಣಿನ ಮೇಲೆ, ನಾಯಿಗಳ ನಡುವೆ ಕುಳಿತಿರುತ್ತಿದ್ದರು. ಅವರ ಕುಲದ ಹೆಂಗಸರು ತಮ್ಮ ನೆಲವನ್ನು ಉಂಟುಮಾಡಿದ ಪೂರ್ವಜರನ್ನು ಹಾಡಿ ಕುಣಿಯುವ ಮೊದಲು ಎದೆ, ಹೆಗಲುಗಳ ಮೇಲೆ ಕಾವಿಮಣ್ಣಿನ ಗೆರೆಗಳನ್ನು ಬರೆಸಿಕೊಳ್ಳುತ್ತಾರೆ. ಯಾರೂ ತಮ್ಮ ಮೈಮೇಲೆ ತಾವೇ ಬರೆದುಕೊಳ್ಳುವಂತಿಲ್ಲ. ಹುಡುಗಿಯಾಗಿದ್ದಾಗಿನಿಂದ ಅಜ್ಜಿಯವರು ತಂಗಿಯ ಮೈಮೇಲೆ ಬರೆಯುತ್ತಿದ್ದರು. ತಂಗಿ ಅವರ ಮೈಮೇಲೆ.

ಮುಪ್ಪಿನಲ್ಲಿ ಯಾರೋ ಕ್ಯಾನ್ವಾಸ್ ತಂದುಕೊಟ್ಟರು. ಅಜ್ಜಿಯವರು ಅದನ್ನು ನೆಲಕ್ಕೆ ಹಾಸಿ, ಹೊರಗಿನವರು ನೋಡಬಹುದಾದ ಗೆರೆಗಳನ್ನಷ್ಟೇ ಬರೆದರು. ಚಿತ್ರಗಳು ದೂರದ ನಗರಗಳಿಗೆ ಹೋದವು, ಪ್ರಶಸ್ತಿಗಳು ಬಂದವು. ಪ್ರತಿ ಚಿತ್ರದಲ್ಲೂ ಬಲಗಡೆಯ ಮೇಲಿನ ಮೂಲೆ ಬರಿದಾಗಿರುತ್ತಿತ್ತು. ಅದು ಮರುಭೂಮಿಯ ಮೌನವೆಂದು ಪಂಡಿತರು ಬರೆದರು. ಅಜ್ಜಿಯವರು ಮುಂದಿನ ಕ್ಯಾನ್ವಾಸ್ ಹಾಸಿದರು.

ತಂಗಿ ತೀರಿಕೊಂಡ ಮೇಲೆ, ಚಳಿಗಾಲದಲ್ಲಿ, ಅವಳ ಒಬ್ಬಳೇ ಮಗಳು ನೋರೀನ್ ಬಂದಳು. ಹಿಂದೆ ಸರ್ಕಾರದವರು ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ದೂರದ ಅನಾಥಾಲಯಗಳಲ್ಲಿ ಬೆಳೆಸುತ್ತಿದ್ದ ಕಾಲವೊಂದಿತ್ತು. ನೋರೀನ್ ಮಾತು ಕಲಿಯುವ ವಯಸ್ಸಿನಲ್ಲಿ ಹಾಗೆ ಹೋದವಳು. ಈಗ ಅವಳ ತಲೆಯಲ್ಲೂ ನರೆ ಮೂಡಿತ್ತು. ತಾಯಿ ಇಷ್ಟು ದಿನ ಬದುಕಿದ್ದಳೆಂಬುದು ಅವಳಿಗೆ ತಿಳಿದದ್ದು ಸಾವಿನ ಸುದ್ದಿಯೊಂದಿಗೆ.

ಅಜ್ಜಿಯವರ ಗೆಳತಿ ಬೆಸ್ಸಿ ಅವಳ ಬಿಳಿ ಬೂಟುಗಳನ್ನು ನೋಡಿ ನಕ್ಕಳು. "ಬಿಚ್ಚಿಡು ಮಗಳೇ. ನಮ್ಮ ನಾಯಿಗಳು ಮೊಲ ಅಂದುಕೊಂಡಾವು."

ನೋರೀನ್ ನಗಲಿಲ್ಲ. ನಿಂತಲ್ಲೇ ತಾಯಿಯ ಹೆಸರು ಹೇಳಿ, "ನಾನು ಅವರ ಮಗಳು" ಎಂದಳು.

ಸುತ್ತ ಕುಳಿತಿದ್ದ ಹೆಂಗಸರು ತಲೆ ತಗ್ಗಿಸಿದರು. ಒಬ್ಬಳು ಕಿವಿ ಮುಚ್ಚಿಕೊಂಡು ಅಳತೊಡಗಿದಳು. ಕಾರಣ ತಿಳಿಯದ ನೋರೀನ್ ಅದೇ ಹೆಸರನ್ನು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು.

"ಸಾಕು ಮಗಳೇ," ಎಂದಳು ಬೆಸ್ಸಿ. "ಆ ಹೆಸರು ಈಗ ಮುಚ್ಚಿದೆ. ನೀನು ಕೂಗಿದರೆ ಹೋಗುತ್ತಿರುವವಳು ತಿರುಗಿ ನೋಡುತ್ತಾಳೆ."

"ಹೆಸರು ಹೇಳಬಾರದು. ಫೋಟೋಗಳನ್ನೂ ಮರೆಮಾಡಿದ್ದೀರಂತೆ. ಹಾಗಾದರೆ ನನಗೆ ಉಳಿದದ್ದೇನು?" ನೋರೀನ್ ಅಜ್ಜಿಯವರ ಕಡೆ ತಿರುಗಿದಳು. "ನಿಮ್ಮ ಚಿತ್ರಗಳನ್ನು ನಗರದಲ್ಲಿ ನೋಡಿದ್ದೇನೆ. ಗೋಡೆ ತುಂಬ ಇವೆ. ಅವು ಅಷ್ಟು ದೂರ ಬಂದವು, ನೀವು ಯಾರೂ ಬರಲಿಲ್ಲ. ನನ್ನ ತಾಯಿ ಒಂದು ದಿನವಾದರೂ ನನ್ನನ್ನು ನೆನೆದಿದ್ದರಾ? ಅಷ್ಟು ಹೇಳಿ, ಹೊರಟುಹೋಗುತ್ತೇನೆ."

"ಅಮ್ಮನ ಅಕ್ಕನೂ ನಮ್ಮಲ್ಲಿ ಅಮ್ಮನೇ. ದನಿ ತಗ್ಗಿಸು" ಎಂದು ಬೆಸ್ಸಿ ಗದರಿದಳು.

ಅಜ್ಜಿಯವರು ಕೈಯೆತ್ತಿ ಬೆಸ್ಸಿಯನ್ನು ತಡೆದರು. ಮುಂದೆ ಹಾಸಿದ್ದ ಕ್ಯಾನ್ವಾಸಿನ ಬರಿದಾದ ಮೂಲೆಯ ಮೇಲೆ ಅಂಗೈ ಇಟ್ಟರು.

"ಇದು ಅವಳ ಬಲ ಹೆಗಲು," ಎಂದರು. "ನಿನ್ನನ್ನು ಒಯ್ದ ಮೇಲೆ ಇಲ್ಲಿ ಬರೆಯಲು ಬಿಡಲಿಲ್ಲ. ಇದು ಮಗಳಿಗೆ ಹೋಗುವ ಗೆರೆ, ಮಗಳು ಬರಲಿ ಅಂದಳು."

ಬೆಸ್ಸಿಯ ದನಿ ಇಳಿಯಿತು. "ಮುದುಕಿಯಾಗುವವರೆಗೂ ಹಾಗೇ ಕುಣಿದಳು. ಅರ್ಧ ಮೈಯವಳು ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಒಂದು ದಿನವೂ ತಿರುಗಿ ಮಾತಾಡಲಿಲ್ಲ."

ತಂಗಿಯ ಮೈಮೇಲೆ ತಾವು ಬರೆದದ್ದನ್ನೇ ಅಜ್ಜಿಯವರು ಕ್ಯಾನ್ವಾಸಿನ ಮೇಲೂ ಬರೆದಿದ್ದರು. ಅಲ್ಲಿ ಬರಿದಾಗಿದ್ದುದು ಇಲ್ಲಿಯೂ ಬರಿದಾಗಿತ್ತು.

ನೋರೀನ್ ಮಣ್ಣಿನ ಮೇಲೆ ಕುಳಿತಳು. ಬಹಳ ಹೊತ್ತಿನ ಮೇಲೆ ಬೂಟು ಬಿಚ್ಚಿದಳು.

ಹೆಂಗಸರು ಅವಳನ್ನು ಸೊಪ್ಪು ಕಟ್ಟಿದ ಗಾಳಿಮರೆಯ ಹಿಂದಕ್ಕೆ ಕರೆದೊಯ್ದರು. ಗಂಡಸರು ಆ ಕಡೆ ಬರುವಂತಿಲ್ಲ. ಅಜ್ಜಿಯವರು ಕಾವಿಯನ್ನು ಕಲ್ಲಿನ ಮೇಲೆ ಅರೆದು ಕೊಬ್ಬಿನಲ್ಲಿ ಕಲಸಿದರು. ಅವಳ ಬಲ ಹೆಗಲನ್ನು ಸವರಿ ಬೆರಳೆತ್ತಿದರು. ಬೆರಳು ಅಲ್ಲೇ ನಿಂತಿತು. ಆ ಗೆರೆಗಳನ್ನು ಅವರು ಕೊನೆಯ ಸಲ ಬರೆದಾಗ ಅವರಿಗೂ ತಂಗಿಗೂ ಹರೆಯ.

ಆಗ ಅಜ್ಜಿಯವರು ಕಣ್ಣು ಮುಚ್ಚಿ ಹಾಡತೊಡಗಿದರು. ಪ್ರತಿ ಗೆರೆಗೂ ಅದರದೇ ಹಾಡಿದೆ. ಹೆಂಗಸರು ದನಿಗೂಡಿಸಿದರು. ಹಾಡು ಮುಂದೆ ಹೋದಂತೆ ಬೆರಳು ಅದರ ಹಿಂದೆ ಹೋಯಿತು.

ತನ್ನ ಹೆಗಲನ್ನು ತಾನೇ ಪೂರ್ತಿಯಾಗಿ ನೋಡಲು ನೋರೀನ್‌ಗೆ ಆಗಲಿಲ್ಲ. "ಹೇಗಿದೆ?" ಎಂದು ಕೇಳಿದಳು. ಎಲ್ಲರೂ ಅಳುತ್ತಿದ್ದರು. ಅಜ್ಜಿಯವರು ಆ ಹೆಗಲನ್ನೇ ನೋಡುತ್ತ, "ಬಂದೆಯಾ" ಎಂದರು. ಅದನ್ನು ತನಗೆ ಹೇಳಿದರೋ, ತನ್ನ ತಾಯಿಗೆ ಹೇಳಿದರೋ, ನೋರೀನ್‌ಗೆ ತಿಳಿಯಲಿಲ್ಲ.

ಅಂದಿನ ಕುಣಿತದಲ್ಲಿ ಬೆವರಿಗೆ ಕಾವಿ ಕರಗಿಹೋಯಿತು. ನೋರೀನ್ ಅಲ್ಲೇ ಉಳಿದಳು.

ಕೆಲವು ವರ್ಷಗಳ ನಂತರ ಅಜ್ಜಿಯವರು ದೇಹ ಬಿಟ್ಟರು. ನಗರದ ಪತ್ರಿಕೆಯವನೊಬ್ಬ ಬಂದು, ಮೈಕ್ ಮುಂದೆ ಹಿಡಿದು, ಅವರ ಹೆಸರನ್ನು ಗಟ್ಟಿಯಾಗಿ ಹೇಳಿ ಮಾತು ಶುರುಮಾಡಿದ. ಬರಿಗಾಲಲ್ಲಿ ಕುಳಿತಿದ್ದ ನೋರೀನ್ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿದಳು.

"ಆ ಹೆಸರು ಈಗ ಮುಚ್ಚಿದೆಯಪ್ಪ," ಎಂದಳು.

ಅವನು ತಡವರಿಸಿ, "ಕ್ಷಮಿಸಿ. ಅವರು ನಿಮಗೆ ಏನಾಗಬೇಕು?" ಎಂದು ಕೇಳಿದ.

"ಅಮ್ಮ," ಎಂದಳು ನೋರೀನ್. ಅವಳ ಕೈ ಬಲ ಹೆಗಲಿನ ಮೇಲಿತ್ತು.