ಮೌನಮ್ಮನ ಗೇಣು

ಬಹಳ ಹಿಂದೆ, ಕಂಬದಕಟ್ಟೆ ಅನ್ನುವ ಒಂದೂರಲ್ಲಿ ಕಾಳಿಂಗಾಚಾರಿ ಅಂತ ಒಬ್ಬ ಬಡಗಿ ಇದ್ದನಂತೆ. ಯಾವ ಕಾಲ ಅಂತ ಕೇಳಬೇಡಿ. ಊರಿಗೆ ಬಸ್ಸು ಬಂದಿತ್ತು, ಬಸ್ಸು ಕಟ್ಟುವವರಿಗೆ ಬುದ್ಧಿ ಬಂದಿರಲಿಲ್ಲ, ಅಷ್ಟು ಹಿಂದೆ.

ಆಗಿನ ಬಸ್ಸಾದರೂ ಎಂಥದು? ಲಾರಿಯ ಬೆನ್ನ ಮೇಲೆ ಮರದ ಪೆಟ್ಟಿಗೆ ಹೊಡೆದು ಕಿಟಕಿ ಕೊರೆದರೆ ಅದೇ ಬಸ್ಸು. ಮೆಟ್ಟಿಲು ಸೊಂಟದ ಮಟ್ಟಕ್ಕೆ. ಗಂಡಸರು ಪಂಚೆ ಎತ್ತಿಕಟ್ಟಿ ಹಾರಿ ಹತ್ತುತ್ತಿದ್ದರಂತೆ. ಹೆಂಗಸರನ್ನು ಕಂಡಕ್ಟರು ರಟ್ಟೆ ಹಿಡಿದು ಮೂಟೆ ಎಳೆದ ಹಾಗೆ ಎಳೆದುಕೊಳ್ಳುತ್ತಿದ್ದನಂತೆ. ಅದನ್ನು ಕಟ್ಟಿದವನಿಗೆ ತಾಯಿ ಇರಲಿಲ್ಲವೇ?

ಆಚಾರಿಯ ತಾಯಿ ಮೌನಮ್ಮ ಸೂಲಗಿತ್ತಿ. ಒಮ್ಮೆ ದೂರದ ಊರಿಂದ ಹೆರಿಗೆಗೆ ಕರೆ ಬಂತು. ಮುದುಕಿ ಬಸ್ಸಿಗೆ ಕಾಲೆತ್ತಿದಳು, ಎಟುಕಲಿಲ್ಲ. ಮತ್ತೆ ಎತ್ತಿದಳು, ಎಟುಕಲಿಲ್ಲ. ಹೊತ್ತಾಯಿತು ಅಂತ ಡ್ರೈವರು ಬಿಟ್ಟೇ ಹೋದನಂತೆ. ಅವಳು ನಡೆದು ಆ ಊರು ಮುಟ್ಟುವಷ್ಟರಲ್ಲಿ ಹೆರುವ ಹುಡುಗಿ ಕಣ್ಣು ಮುಚ್ಚಿದ್ದಳು. ಮನೆಗೆ ಬಂದ ಮೌನಮ್ಮ, ತನ್ನ ಕಾಲಿಂದ ಒಂದು ಜೀವ ಹೋಯಿತು ಅಂತ ಅತ್ತಳಂತೆ. ನಿನ್ನ ಕಾಲಿಂದಲ್ಲ ಅವ್ವ, ಅವರ ಮೆಟ್ಟಿಲಿಂದ ಅಂದನಂತೆ ಮಗ. ಅವನ ಮೈಯೆಲ್ಲ ಉರಿದುಹೋಗಿತ್ತು.

ಅವನು ಪೇಟೆಯ ಮೋಟಾರು ಕಂಪನಿಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ, ಬರೀ ಚಕ್ರ ಎಂಜಿನ್ನು ಇದ್ದ ಚಾಸಿಯೊಂದನ್ನು ಕೇಳಿ ಪಡೆದ. ತೇಗದ ಚೌಕಟ್ಟು, ಮೇಲೆ ತಗಡು. ಮುಂದಿನ ಚಕ್ರದ ಹಿಂದೆ ನೆಲ ತಗ್ಗಿಸಿ ಬಾಗಿಲಿಟ್ಟ. ಹಿಡಿಯುವ ಕಂಬಿ ತಾಯಿಯ ಭುಜದ ಮಟ್ಟಕ್ಕೆ. ಮೆಟ್ಟಿಲಿಗೆ ಮಾತ್ರ ಟೇಪು ಹಿಡಿಯಲಿಲ್ಲ. ಅವ್ವನ ಕೈಯಿಂದಲೇ ನೆಲದಿಂದ ಎರಡು ಗೇಣು ಅಳೆಸಿದ. ಆ ಬಸ್ಸಿಗೆ ಕುರುಡರು ತಮ್ಮ ಮನೆ ಹೊಸಿಲು ದಾಟಿದ ಹಾಗೆ ಹತ್ತಿದರಂತೆ. ಒಂದು ಎಮ್ಮೆ ತಾನಾಗೇ ಹತ್ತಿ, ಡ್ರೈವರನ ಹಿಂದೆ ಮಲಗಿ ಮೆಲುಕು ಹಾಕಿತಂತೆ.

ಕಂಪನಿಯ ಧಣಿ ಬಂದು ನೋಡಿದ. ಇದೇ ಮಾದರಿಯಲ್ಲಿ ನೂರು ಬಸ್ಸು ಕಟ್ಟಿಸಿ, ಅವುಗಳ ಹಣೆಯ ಮೇಲೆ ತನ್ನ ಹೆಸರಿನ ಹಿತ್ತಾಳೆ ಫಲಕ ಹೊಡೆಸಿದ! ಹೋಗಲಿ, ಹೆಸರು ತಿಂದರೆ ತಿನ್ನಲಿ. ಮೆಟ್ಟಿಲು ಎಷ್ಟೆತ್ತರ ಅಂತ ಕೇಳಿದಾಗ ಆಚಾರಿ ಎರಡು ಗೇಣು ಅಂದಿದ್ದ. ಯಾರ ಗೇಣು ಅಂತ ಆ ಮಹಾಶಯ ಕೇಳಲೇ ಇಲ್ಲ. ಆರಡಿ ಆಳು, ಮೊರದಗಲ ಕೈ. ತನ್ನ ಗೇಣನ್ನೇ ಇಟ್ಟು ಅಳೆದ.

ಆ ನೂರರಲ್ಲಿ ಮೊದಲ ಬಸ್ಸು ಕಂಬದಕಟ್ಟೆಗೆ ಬಂದ ದಿನ ಮೌನಮ್ಮ ಕಾಲೆತ್ತಿದಳು. ಎಟುಕಲಿಲ್ಲ.

"ಮುದುಕೀನ ಎತ್ತಿ ಒಳಗೆ ಹಾಕ್ರೋ!" ಅಂದ, ಬಸ್ಸಿನ ಜೊತೆ ಬಂದಿದ್ದ ಧಣಿ.

"ನಮ್ಮವ್ವ ಏನು ಮೂಟೆ ಏನ್ರೀ?" ಅಂದ ಆಚಾರಿ. ಸುತ್ತಿಗೆ ತೆಗೆದು ಎಲ್ಲರ ಎದುರಿಗೇ ಮೆಟ್ಟಿಲು ಕಿತ್ತ, ಅವ್ವನ ಗೇಣಿಗೆ ಇಳಿಸಿ ಬಡಿದ. ಧಣಿ ಕೂಗಾಡಿದ, ಜೈಲಿಗೆ ಹಾಕಿಸುತ್ತೇನೆ ಅಂದ. ಮೌನಮ್ಮ ಯಾರ ಕೈಯೂ ಹಿಡಿಯದೆ ಹತ್ತಿ ಕೂತಳು. ಆಚಾರಿ ಆಮೇಲೆ ಊರೂರು ಅಲೆದು ನೂರೂ ಬಸ್ಸಿನ ಮೆಟ್ಟಿಲು ಇಳಿಸಿದನಂತೆ. ಅದೇ ಕೆಲಸದಲ್ಲಿ ಮುದುಕನಾದನಂತೆ.

ಧಣಿಯ ಹೆಸರು ಹಿತ್ತಾಳೆಯಲ್ಲಿತ್ತು, ಈಗ ಯಾರಿಗೂ ನೆನಪಿಲ್ಲ. ಈಗಲೂ ನಮ್ಮ ಕಡೆ ಮೇಲಿನವರು ಏನಾದರೂ ಅಳತೆ ಹೇಳಿದರೆ, ಯಾರ ಗೇಣು ಅಂತ ಜನ ಕೇಳುತ್ತಾರೆ. ಹೊಸ ಬಸ್ಸು ಬಂದರೆ ಊರಿನ ಹಿರೀ ಮುದುಕಿ ನೆಲದಿಂದ ಎರಡು ಗೇಣು ಅಳೆಯಬೇಕು, ತಾನೇ ಹತ್ತಬೇಕು, ಆಮೇಲೇ ಪೂಜೆಯ ಕಾಯಿ ಒಡೆಯುವುದು.

ಹೋದ ತಿಂಗಳು ಬಂತಲ್ಲ, ಗಾಜು ಗಾಜಿನ ಹೊಸ ಬಸ್ಸು? ಈಗ ಊರಿಗೆ ಹಿರೀ ಮುದುಕಿ ನಮ್ಮಜ್ಜಿ, ಅವಳು ಕಾಲೆತ್ತಿದಳು, ಎಟುಕಲಿಲ್ಲ. ಅದರ ಕಾಯಿ ಇನ್ನೂ ನಮ್ಮ ಮನೆಯ ಗೂಡಲ್ಲೇ ಇದೆ.