ಒಂದೇ ಉಸಿರಿನ ಓಲಗ

"ಗುರುಗಳೇ, ಊರೆಲ್ಲ ಒಪ್ಪಿದ ವಸ್ತುವನ್ನು ಬಿಟ್ಟು ಬೇರೊಂದನ್ನು ಹುಡುಕುವುದು ಅಹಂಕಾರವಲ್ಲವೇ?" ಎಂದು ಶಿಷ್ಯೆ ಕೇಳಿದಳು.

ಮರುದಿನ ಅವಳು ಪೇಟೆಗೆ ಹೋಗುವವಳಿದ್ದಳು. ಪಾಠಗಳನ್ನು ಮತ್ತೆ ಮತ್ತೆ ಕೇಳಲು ಜೇಬಿನಲ್ಲಿಟ್ಟುಕೊಳ್ಳುವಂಥ ಒಂದು ಪ್ಲೇಯರ್ ತರಬೇಕಿತ್ತು. ಜೊತೆಯವರೆಲ್ಲ ಒಂದೇ ಹೆಸರು ಹೇಳಿದ್ದರು. ಅವಳ ಮನಸ್ಸು ಅದಕ್ಕೆ ಒಪ್ಪಿರಲಿಲ್ಲ. ಏಕೆ ಒಪ್ಪಿಲ್ಲವೆಂದು ಹೇಳಲು ಅವಳಿಗೆ ತಿಳಿದಿರಲೂ ಇಲ್ಲ.

ಗುರುಗಳು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದರು. "ಕೂತುಕೋ, ಒಬ್ಬ ಓಲಗದವನ ಕತೆ ಹೇಳುತ್ತೇನೆ" ಎಂದರು.

ಒಂದು ಊರಿನ ದೇವಸ್ಥಾನದಲ್ಲಿ ಓಲಗದ ಸೇವೆ ಒಂದೇ ಮನೆತನದ್ದು. ಮಹಾದ್ವಾರದ ಮೇಲೆ ಒಂದು ಅಟ್ಟವಿತ್ತು. ನಾಗಸ್ವರ ಊದುವವರು ಅಲ್ಲಿ ಕುಳಿತು ಊದಬೇಕು. ಕೆಳಗಿನವರಿಗೆ ನಾದ ಕೇಳಿಸುತ್ತಿತ್ತು, ಊದುವವರು ಕಾಣುತ್ತಿರಲಿಲ್ಲ. ದಿನದ ಸೇವೆಗೆ ಹೆಚ್ಚಿನ ಕಟ್ಟಳೆ ಏನೂ ಇಲ್ಲ. ಯುಗಾದಿಯ ಬೆಳಗ್ಗೆಗೆ ಮಾತ್ರ ಒಂದು ಕಟ್ಟಳೆ. ಗರ್ಭಗುಡಿಯ ಅಗುಳಿ ಸರಿದಾಗ ಹಿಡಿದ ನಾದ, ದೇವರ ಮುಂದಿನ ತೆರೆ ಸರಿಯುವವರೆಗೆ ಎಲ್ಲಿಯೂ ತುಂಡಾಗಬಾರದು. ಆ ಹೊತ್ತಿಗೆ ಡೋಲು ಕೂಡ ಇಲ್ಲ. ಡೋಲಿನವನು ಕೆಳಗೆ ತೆರೆಯ ಬಳಿ ಕಾಯುತ್ತಾನೆ.

ಹಿಂದೆ ಅಣ್ಣ ತಮ್ಮ ಇಬ್ಬರು ಊದುತ್ತಿದ್ದರು. ಅಣ್ಣ ಉಸಿರು ತೆಗೆದುಕೊಳ್ಳುವಾಗ ತಮ್ಮ ನಾದವನ್ನು ಹಿಡಿದುಕೊಳ್ಳುತ್ತಿದ್ದ. ಓಲಗದವರ ಪದ್ಧತಿಯೇ ಅದು. ತಮ್ಮ ತೀರಿಕೊಂಡ. ಆಮೇಲೆ ಅಣ್ಣ ಒಬ್ಬನೇ ಅಟ್ಟ ಹತ್ತಿದ. ಆದರೂ ನಾದ ತುಂಡಾಗಲಿಲ್ಲ. ಇಪ್ಪತ್ತು ವರ್ಷ ತುಂಡಾಗಲಿಲ್ಲ. ಊರು ಅವನಿಗೆ 'ಒಂದೇ ಉಸಿರಿನವನು' ಎಂದು ಹೆಸರಿಟ್ಟಿತು.

ಒಂದು ವರ್ಷ ಅವನೂ ತೀರಿಕೊಂಡ. ಸೇವೆ ಮಗನ ಪಾಲಿಗೆ ಬಂತು.

ಮಗ ಬೇರೆ ಊರಿನ ಹಾಸ್ಟೆಲಿನಲ್ಲಿ ಬೆಳೆದವನು. ರಜೆಗೆ ಬಂದಾಗಲೆಲ್ಲ ತಂದೆಯ ಎದುರು ಕುಳಿತು ಕಲಿತಿದ್ದ. ಯುಗಾದಿಯದೊಂದನ್ನು ಬಿಟ್ಟು ಎಲ್ಲವನ್ನೂ ಕಲಿತಿದ್ದ. "ಅದು ಕೊನೆಗೆ" ಎಂದಿದ್ದ ತಂದೆ. ಯುಗಾದಿಯ ಹೊತ್ತಿಗೆ ಪರೀಕ್ಷೆ; ಆ ದಿನ ಅವನು ಊರಿನಲ್ಲಿ ಇದ್ದದ್ದೇ ಇಲ್ಲ. ಆದರೆ ತಂದೆ ಅದನ್ನು ಮನೆಯಲ್ಲಿ ಕುಳಿತು ಊದಿ ಒಂದು ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟಿದ್ದ.

ದೇವಸ್ಥಾನದ ಪಾರುಪತ್ತೇಗಾರ ಮಗನನ್ನು ಕರೆಸಿದ.

"ನೋಡಪ್ಪ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಯುಗಾದಿ ದಿನ ನಾದ ತುಂಡಾದರೆ ಜನ ನನ್ನನ್ನೇ ತುಂಡು ಮಾಡ್ತಾರೆ. ಆಗೋದಿಲ್ಲ ಅನ್ನೋದಾದರೆ ಮುಂಚೆಯೇ ಹೇಳಿಬಿಡು. ಅಟ್ಟಕ್ಕೆ ಒಂದು ಸ್ಪೀಕರ್ ಹಾಕಿಸ್ತೀನಿ. ಅದಕ್ಕೆ ಉಸಿರಿನ ಯೋಚನೆಯೇ ಇಲ್ಲ" ಎಂದ.

ಒಮ್ಮೆ ಸ್ಪೀಕರ್ ಅಟ್ಟ ಹತ್ತಿದರೆ ಇಳಿಯುವುದಿಲ್ಲವೆಂದು ಮಗನಿಗೆ ಗೊತ್ತಿತ್ತು.

ಅವನು ಕ್ಯಾಸೆಟ್ಟನ್ನು ಪೇಟೆಯ ಒಬ್ಬ ವ್ಯಾಪಾರಿಯ ಬಳಿ ಒಯ್ದ. ವ್ಯಾಪಾರಿ ಅದರಲ್ಲಿದ್ದುದನ್ನು ಒಂದು ಪ್ಲೇಯರಿಗೆ ಹಾಕಿಕೊಟ್ಟ. ಎಲ್ಲರ ಜೇಬಿನಲ್ಲೂ ಇದ್ದ ಪ್ಲೇಯರೇ ಅದು. ಬಿಳಿ ಬಣ್ಣ, ಅಂಗೈಯಗಲ, ಹುಡುಕಿದರೂ ಒಂದು ಗುಂಡಿಯಿಲ್ಲ. ಗಾಜನ್ನು ಸವರಿದರೆ ಹಾಡುತ್ತಿತ್ತು. ಕಿವಿಗಿಟ್ಟುಕೊಂಡರೆ ಹಳೆಯ ಕ್ಯಾಸೆಟ್ಟಿನ ಸರಸರ ಸದ್ದು ಸ್ವಲ್ಪವೂ ಇರಲಿಲ್ಲ. ತಂದೆ ಆಗಷ್ಟೇ ಎದುರು ಕುಳಿತು ಊದಿದಂತಿತ್ತು. ಮಗ ಮೊದಲ ದಿನ ಕೇಳುತ್ತಾ ಅತ್ತ.

ಎರಡನೆಯ ದಿನ ಉಸಿರಿನ ಜಾಗ ಹುಡುಕಿದ. ಮೊದಲಿನಿಂದ ಕೊನೆಯವರೆಗೆ ಏಳು ನಿಮಿಷ. ಎಲ್ಲಿಯೂ ಉಸಿರಿಗೆ ಜಾಗವಿರಲಿಲ್ಲ.

ಅವನು ಅದರಂತೆಯೇ ಊದಲು ಹೋದ. ಮುಖ ಕೆಂಪಾಯಿತು, ಆಮೇಲೆ ನೀಲಿಯಾಯಿತು. ಹಿತ್ತಿಲಿನಲ್ಲಿ ಕುಸಿದು ಕುಳಿತ. ತಾಯಿ ಓಡಿ ಬಂದಳು.

"ಬೇಡ ಮಗಾ, ಎದೆ ಒಡೆದುಕೊಂಡೀಯ."

"ಅಪ್ಪನಿಗೆ ಒಡೆಯಲಿಲ್ಲವಲ್ಲ, ಅವ್ವ."

ತಾಯಿ ಏನೋ ಹೇಳಲು ಬಾಯಿ ತೆರೆದಳು. ಹೇಳದೆ ಒಳಗೆ ಹೋದಳು.

ಹೀಗೆ ಒಂದು ತಿಂಗಳು ಕಳೆಯಿತು. ತಂದೆಯ ಎದೆ ಬೇರೆ, ತನ್ನ ಎದೆ ಬೇರೆ ಎಂದು ಮಗ ನಂಬಿದ. ಯುಗಾದಿಗೆ ಹತ್ತು ದಿನವಿದ್ದಾಗ, ನಾಳೆ ಹೋಗಿ ಆಗುವುದಿಲ್ಲವೆಂದು ಹೇಳಿಬಿಡುವುದೆಂದು ತೀರ್ಮಾನಿಸಿದ. ಅದಕ್ಕೆ ಮುಂಚೆ ಒಂದು ಸಲ ತುಣುಕು ತುಣುಕಾಗಿ ಕೇಳಿ ನೋಡಬೇಕೆನಿಸಿತು. ಬಿಳಿಯ ಪ್ಲೇಯರಿನಲ್ಲಿ ಅದು ಆಗುತ್ತಿರಲಿಲ್ಲ. ಬೆರಳು ಸ್ವಲ್ಪ ಜಾರಿದರೂ ಅದು ಮೊದಲಿಗೆ ಹಾರುತ್ತಿತ್ತು. ಅವನು ಮತ್ತೆ ಪೇಟೆಗೆ ಹೋದ.

"ಏನಪ್ಪಾ, ಲೋಕವೇ ಮೆಚ್ಚಿದ್ದು ನಿನಗೊಬ್ಬನಿಗೆ ಹಿಡಿಸಲಿಲ್ಲವೋ?" ಎಂದ ವ್ಯಾಪಾರಿ.

"ಹಿಡಿಸದೆ ಏನಣ್ಣ. ಕೇಳೋದಕ್ಕೆ ಬಲು ಚೆನ್ನಾಗಿದೆ. ಕಲಿಯೋದಕ್ಕೆ ಆಗ್ತಾ ಇಲ್ಲ."

ಆ ವ್ಯಾಪಾರಿ ಒಳ್ಳೆಯವನು. ಒಳ್ಳೆಯ ವ್ಯಾಪಾರಿ ವಸ್ತುವಿನ ಗುಣ ಹೇಳುವ ಮೊದಲು ಕೊಳ್ಳುವವನ ಕೆಲಸ ಕೇಳುತ್ತಾನೆ. "ಕೇಳುವಾಗ ನಿನ್ನ ಕೈಯಲ್ಲಿ ಏನಿರುತ್ತೆ?" ಎಂದು ಕೇಳಿದ.

"ನಾಗಸ್ವರ ಇರುತ್ತೆ."

"ಹಾಗಾದರೆ ಗಾಜು ಸವರೋದು ನಿನಗಲ್ಲ" ಎಂದು ವ್ಯಾಪಾರಿ ಬೇರೆ ಬೇರೆ ಪ್ಲೇಯರುಗಳನ್ನು ಹಲಗೆಯ ಮೇಲಿಟ್ಟ. ಒಂದರಲ್ಲಿ ಬಣ್ಣದ ದೀಪಗಳಿದ್ದವು. "ಇದು ಎದೆಗೆ ಗುದ್ದುತ್ತೆ. ಕುಣಿಯೋ ಹುಡುಗರು ಒಯ್ತಾರೆ." ಇನ್ನೊಂದು ಬೆಂಕಿಪೊಟ್ಟಣದಷ್ಟಿತ್ತು. "ಇದು ಕೆರೆ ಏರಿ ಮೇಲೆ ಬೆಳಗ್ಗೆ ಓಡ್ತಾರಲ್ಲ, ಹೊಟ್ಟೆ ಬಂದವರು, ಅವರದು." ಕೊನೆಗೆ ಕೆಳಗಿನ ಅರೆಯಿಂದ ಕಪ್ಪಗಿನ, ತೂಕದ ಒಂದನ್ನು ತೆಗೆದು ಧೂಳು ಒರೆಸಿದ. ಅದಕ್ಕೆ ಆರು ಗುಂಡಿಗಳಿದ್ದವು. ಕಣ್ಣು ಮುಚ್ಚಿಕೊಂಡು ಒತ್ತಬಹುದಿತ್ತು. ಒಂದು ಗುಂಡಿ ಒತ್ತಿದರೆ ಮೂರು ಕ್ಷಣದಷ್ಟು ಮಾತ್ರ ಹಿಂದಕ್ಕೆ ಹೋಗುತ್ತಿತ್ತು.

"ಬಾಯಿಪಾಠ ಮಾಡೋರಿಗೆ ಅಂತ ಮಾಡಿದ್ದು. ಎರಡು ಸಲ ಮಾರಿದೆ, ಎರಡು ಸಲವೂ ವಾಪಸು ಬಂತು" ಎಂದ ವ್ಯಾಪಾರಿ.

"ಯಾಕಣ್ಣ?"

"ಆ ಬಿಳಿಯದು ಗದ್ದಲವನ್ನೆಲ್ಲ ತೊಳೆದುಬಿಡುತ್ತೆ, ಇದು ಏನನ್ನೂ ತೊಳೆಯೋದಿಲ್ಲ. ಒಳಗೆ ಹೋದದ್ದು ಹೋದ ಹಾಗೇ ಹೊರಗೆ ಬರುತ್ತೆ. ಕೆಮ್ಮಿದ್ದರೆ ಕೆಮ್ಮು, ಸೀನಿದ್ದರೆ ಸೀನು. ಜನಕ್ಕೆ ಅದು ಬೇಡ. ನಿನಗೆ ಬೇಕೋ ಏನೋ, ನನಗೂ ಗೊತ್ತಿಲ್ಲ. ತಗೊಂಡು ಹೋಗಿ ಕೇಳು. ಬೇಡವಾದರೆ ಮೂರನೇ ಸಲ ವಾಪಸು ಬರಲಿ, ಅದಕ್ಕೂ ದಾರಿ ಗೊತ್ತಿದೆ."

ವ್ಯಾಪಾರಿ ಕ್ಯಾಸೆಟ್ಟಿನಲ್ಲಿದ್ದುದನ್ನು ಮತ್ತೊಮ್ಮೆ ಅದಕ್ಕೆ ತುಂಬಿಕೊಟ್ಟ.

ಮಗ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ. ಮೊದಲು ಸರಸರ ಸದ್ದು ಕೇಳಿಸಿತು. ಬೀದಿಯ ನಾಯಿ ಕೇಳಿಸಿತು. ಇದನ್ನು ಏಕೆ ತಂದೆನೋ ಎಂದುಕೊಂಡ. ಆಮೇಲೆ ತಂದೆ ಊದಿದ. ಸ್ವಲ್ಪ ಹೊತ್ತಿನ ಮೇಲೆ, ನಾದದ ಅಡಿಯಲ್ಲಿ, ಒಂದು ಉಸಿರು ಕೇಳಿಸಿತು.

ಅವನು ಗುಂಡಿ ಒತ್ತಿದ. ಮತ್ತೆ ಕೇಳಿದ. ಉಸಿರೇ ಹೌದು. ತಂದೆ ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದ. ಅದೇ ಹೊತ್ತಿಗೆ ನಾದವೂ ಹರಿಯುತ್ತಿತ್ತು.

ಮತ್ತೆ ಒತ್ತಿದ. ಉಸಿರಿಗೆ ತುಸು ಮುಂಚೆ ಇನ್ನೊಂದು ಸದ್ದಿತ್ತು. ಗಾಜಿಗೆ ಗಾಜು ತಗುಲಿದ ಸದ್ದು. ಬಳೆ.

ಆ ಸದ್ದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಕೆಲವು ತಿಂಗಳಿಂದ ಆ ಮನೆಯಲ್ಲಿ ಅದು ಕೇಳಿಸಿರಲಿಲ್ಲ. ತಂದೆ ಹೋದಾಗ ಬಳೆಗಳನ್ನು ತೆಗೆದಿದ್ದರು.

ಅವನು ಕೊನೆಯವರೆಗೂ ಕೇಳಿದ. ತಂದೆ ಒಂಬತ್ತು ಸಲ ಉಸಿರು ತೆಗೆದುಕೊಂಡಿದ್ದ. ಒಂಬತ್ತು ಸಲವೂ ಮೊದಲು ಬಳೆ ಸದ್ದು ಮಾಡಿತ್ತು.

ತಾಯಿ ಅಡಿಗೆಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಗ ಬಾಗಿಲಲ್ಲಿ ನಿಂತ.

"ಅವ್ವ, ಅಪ್ಪ ಉಸಿರು ತಗೊಳ್ಳುವಾಗ ನಾದ ಹಿಡಿದದ್ದು ಯಾರು?"

ಅವಳ ಕೈ ನಿಂತಿತು. "ನಿಮ್ಮಪ್ಪನೂ ಮನುಷ್ಯನೇ ಅಲ್ಲವೇನೋ, ಉಸಿರಾಡಬೇಡವೇ?"

"ಯಾರು ಅಂತ ಕೇಳಿದೆ."

"ನಿನ್ನ ಚಿಕ್ಕಪ್ಪ ಹೋದಾಗ ಯುಗಾದಿಗೆ ಎಂಟು ದಿನ ಇತ್ತು. ಬೇರೆ ಊರಿನವರನ್ನು ಕರೆಸೋಕೆ ಹೊತ್ತಿರಲಿಲ್ಲ. ನಾನೂ ಓಲಗದ ಮನೆಯಲ್ಲೇ ಹುಟ್ಟಿದವಳು. ನೀರಿನ ಚೊಂಬು ಹಿಡಕೊಂಡು ಅಟ್ಟ ಹತ್ತಿದೆ. ಚೊಂಬು ಹಿಡಿದವಳನ್ನು ಯಾರು ನೋಡ್ತಾರೆ?"

"ಇಪ್ಪತ್ತು ವರ್ಷವೂ?"

"ಇಪ್ಪತ್ತು ವರ್ಷವೂ. ಚೊಂಬೇ ಎರಡು ಸವೆದವು."

"ನಾನು ಹಿತ್ತಿಲಲ್ಲಿ ಬಿದ್ದಾಗಲಾದರೂ ಹೇಳಬಾರದಿತ್ತೇ?"

ತಾಯಿ ಇನ್ನೊಂದು ಬೀಜ ಬಿಡಿಸಿ ಪಕ್ಕಕ್ಕಿಟ್ಟಳು. "ಊರೆಲ್ಲ ಅವರನ್ನು ಒಂದೇ ಉಸಿರಿನವರು ಅಂತು. ನಾನು ಬಾಯಿ ಬಿಟ್ಟರೆ ಅವರ ಹೆಸರು ಅರ್ಧ ಆಗಿಬಿಡುತ್ತಲ್ಲಪ್ಪ. ನಿನ್ನ ಮುಖ ನೋಡಿದರೆ ಹೇಳೋಣ ಅನ್ನಿಸ್ತಿತ್ತು. ಅವರ ಪಟ ನೋಡಿದರೆ ಬೇಡ ಅನ್ನಿಸ್ತಿತ್ತು. ಈಗ ಹಬ್ಬದ ದಿನ ನಾನು ಅಲ್ಲಿಗೆ ಹೋಗಬಹುದೋ ಬಾರದೋ, ಅದೂ ಗೊತ್ತಿಲ್ಲ."

ಮಗ ವಾದ ಮಾಡಲಿಲ್ಲ. ಪೆಟ್ಟಿಗೆ ತೆರೆದು ಎರಡನೆಯ ನಾಗಸ್ವರವನ್ನು ತಂದು ಅವಳ ಮುಂದಿಟ್ಟ. ತಾಯಿ ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೋದಳು. ಆಮೇಲೆ ಎದ್ದು ಹೋಗಿ ಚೆನ್ನಾಗಿ ತೊಳೆದುಕೊಂಡು ಬಂದಳು.

ಯುಗಾದಿಯ ಬೆಳಗ್ಗೆ ಅಗುಳಿ ಸರಿಯಿತು. ಅಟ್ಟದಿಂದ ನಾದ ಎದ್ದಿತು. ತೆರೆ ಸರಿಯುವವರೆಗೆ ಅದು ತುಂಡಾಗಲಿಲ್ಲ.

ಮಗ ಕೆಳಗಿಳಿದು ಬಂದಾಗ ಪಾರುಪತ್ತೇಗಾರ ಶಾಲು ಹಿಡಿದು ನಿಂತಿದ್ದ. "ಅಪ್ಪನಿಗೆ ತಕ್ಕ ಮಗ! ಅದೇ ಒಂದೇ ಉಸಿರು!" ಎಂದ. ಸುತ್ತಲಿದ್ದವರೂ ಅದನ್ನೇ ಹೇಳಿದರು.

"ಸ್ವಾಮಿ, ಉಸಿರು ಎರಡು. ಅಪ್ಪನ ಕಾಲದಲ್ಲೂ ಎರಡೇ. ಇನ್ನೊಂದು ಶಾಲು ಬೇಕು" ಎಂದ ಮಗ.

"ಯಾರಿಗಪ್ಪ?"

ಮಗ ಅಟ್ಟದ ಮೆಟ್ಟಿಲಿನ ಕಡೆ ತಿರುಗಿದ. ತಾಯಿ ಚೊಂಬು ಹಿಡಿದು ಇಳಿಯುತ್ತಿದ್ದಳು. ಅವಳ ಇನ್ನೊಂದು ಕೈಯಲ್ಲಿ ನಾಗಸ್ವರವಿತ್ತು. ಅದನ್ನು ಅವಳು ಮರೆಮಾಡಿರಲಿಲ್ಲ.

ಮೊದಲು ಕೈಮುಗಿದವನು ಡೋಲಿನವನು. ಪಾರುಪತ್ತೇಗಾರನ ತಟ್ಟೆಯಲ್ಲಿ ಇನ್ನೊಂದು ಶಾಲು ಇರಲಿಲ್ಲ. ಅವನು ತಟ್ಟೆಯನ್ನು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ತನ್ನ ಹೆಗಲ ಮೇಲಿದ್ದುದನ್ನೇ ತೆಗೆದು ಎರಡೂ ಕೈಗಳಿಂದ ಅವಳ ಮುಂದೆ ಹಿಡಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆಯ ಕಣ್ಣು ತುಂಬಿತ್ತು. "ಹಾಗಾದರೆ ಎಲ್ಲರೂ ಮೆಚ್ಚಿದ ಆ ಬಿಳಿಯ ಪ್ಲೇಯರ್ ಕೆಟ್ಟದ್ದೇ ಅಲ್ಲವೇ, ಗುರುಗಳೇ?" ಎಂದು ಕೇಳಿದಳು.

"ಕೆಟ್ಟದ್ದಲ್ಲ ಮಗು; ಅದನ್ನು ಮಾಡಿದವರ ಕಿವಿಗೆ ಆ ತಾಯಿ ಬರಿಯ ಗದ್ದಲ, ಅಷ್ಟೇ."