ಮಕ್ಕರಿ ಕೆಳಗಿನ ಕುಂಬಳಕಾಯಿ

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಒಂದಾನೊಂದು ರಾಜ್ಯ, ಹೆಸರು ಹುರುಳಿಕೋಟೆ. ಅಲ್ಲೊಬ್ಬ ದೊರೆ. ದೊರೆಗೊಬ್ಬಳೇ ಮಗಳು ಹೊನ್ನಾಜಿ, ಏಳು ವರ್ಷದವಳು. ಅನ್ನ ಅಂದರೆ ಮೂಗು ಮುರಿಯುತ್ತಿದ್ದಳು. ಸೊಪ್ಪು ಅಂದರೆ ಮುಖ ತಿರುಗಿಸುತ್ತಿದ್ದಳು. ತರಕಾರಿ ಅಂದರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು. ಮಿಠಾಯಿಯೊಂದೇ ಅವಳ ಊಟ. ಮಿಠಾಯಿ ತಿಂದು ತಿಂದು ಹುಡುಗಿ ಬಾಡಿದ ಬಳ್ಳಿಯಂತಾದಳು. ಹತ್ತು ಮೆಟ್ಟಿಲು ಹತ್ತಿದರೆ ಹನ್ನೊಂದನೆಯದರ ಮೇಲೆ ಕೂತೇಬಿಡುತ್ತಿದ್ದಳು.

ಪಂಡಿತರು ಬಂದರು. ನಾಡಿ ಹಿಡಿದರು. "ಕುಂಬಳಕಾಯಿ ತಿನ್ನಿಸಿ" ಅಂದರು. ಅಷ್ಟು ಹೇಳಿ ಗಂಟು ಹೊತ್ತು ಕಾಶಿಗೆ ಹೊರಟುಹೋದರು.

ದೊರೆ ಅರಮನೆಯ ಅಡುಗೆಯ ನಿಂಗಾಜಮ್ಮನನ್ನು ಕರೆಸಿದ. ಅವಳಿಗೆ ಎಪ್ಪತ್ತು ದಾಟಿತ್ತು. ಕೈಯಲ್ಲಿ ಸೌಟು ಇಲ್ಲದಿದ್ದರೆ ಅವಳಿಗೆ ನಡೆಯುವುದೇ ಕಷ್ಟ.

"ಅಜ್ಜೀ, ಮೂರು ದಿನ ಕೊಟ್ಟಿದ್ದೀನಿ. ಅಷ್ಟರೊಳಗೆ ನನ್ನ ಮಗಳು ಕುಂಬಳಕಾಯಿ ತಿನ್ನಬೇಕು. ಇಲ್ಲದಿದ್ದರೆ ಸೌಟು ಕೆಳಗಿಟ್ಟು ಮನೆಗೆ ಹೋಗು."

"ಆಗಲಿ ಬುದ್ಧೀ" ಅಂದಳು ನಿಂಗಾಜಮ್ಮ. ಅಡುಗೆಮನೆಗೆ ಬಂದ ಮೇಲೆ ತಲೆ ಕೆರೆದುಕೊಂಡಳು. ಕುಂಬಳ ಅಂದರೆ ಯಾವ ಕುಂಬಳ? ಹುರುಳಿಕೋಟೆಯಲ್ಲಿ ಬರೀ ಕುಂಬಳಕಾಯಿ ಅಂದರೆ ಬೂದುಗುಂಬಳ, ಮೈತುಂಬ ಬಿಳಿ ಬೂದಿ ಬಳಿದುಕೊಂಡಿರುತ್ತದಲ್ಲ, ಅದು. ಆದರೆ ಪಂಡಿತರು ಬೇರೆ ಸೀಮೆಯವರು. ಅವರ ಕಡೆ ಕುಂಬಳ ಅಂದರೆ ಸಿಹಿಗುಂಬಳ, ಒಳಗೆಲ್ಲ ಅರಿಶಿನದ ಬಣ್ಣ. ಕೇಳೋಣ ಅಂದರೆ ಪಂಡಿತರು ಆಗಲೇ ಹೊಳೆ ದಾಟಿದ್ದರು. ಅದೋ ಇದೋ, ಇದೋ ಅದೋ ಅಂತ ಸಂಜೆಯವರೆಗೂ ಒದ್ದಾಡಿ, ಮಗುವಿನ ನಾಲಿಗೆಗೆ ಸಿಹಿಯೇ ಹತ್ತಿರ ಅಂದುಕೊಂಡು, ತನ್ನ ಹಿತ್ತಲಿನ ಸಿಹಿಗುಂಬಳವನ್ನೇ ಆರಿಸಿದಳು. ತಪ್ಪಾಗಿದ್ದರೆ ನಾಲ್ಕು ಜನ ನಗುತ್ತಾರೆ ಅಂತ ಯಾರಿಗೂ ಬಾಯಿ ಬಿಡಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ತಂದಳು.

ಇನ್ನೊಂದು ಉಪಾಯವೂ ಅವಳ ಹತ್ತಿರ ಇತ್ತು. ಬೇರೆಯವರು ಮಾಡಿ ಬಡಿಸಿದ್ದನ್ನು ಮಕ್ಕಳು ದೂಡುತ್ತಾರೆ, ತಾವೇ ಮಾಡಿದ್ದನ್ನು ತಳ ಕೆರೆದು ತಿನ್ನುತ್ತಾರೆ. ಹಾಗಾಗಿ ಹೊನ್ನಾಜಿಗೆ ಹೇಳಿದಳು, "ನಾನು ಮಾಡಿಕೊಡಲ್ಲ ಕಣವ್ವಾ. ಈ ಸಲ ನೀನೇ ಅಡುಗೆಯವಳು. ಹಿತ್ತಲಲ್ಲಿ ಆಡೋ ಮಕ್ಕಳನ್ನೆಲ್ಲ ಕರಕೊಂಡು ಬಾ."

ಹೊನ್ನಾಜಿ ಮಂಚದ ಕೆಳಗಿನಿಂದ ಹೊರಗೆ ಬಂದಳು. ಅವಳ ಕೈಗೆ ಅಲ್ಲಿಯವರೆಗೆ ಯಾರೂ ಸೌಟು ಕೊಟ್ಟಿರಲಿಲ್ಲ.

ಇದನ್ನು ಕೇಳಿ ಒಬ್ಬನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅವನು ಉಗ್ರಾಣದ ಚಿಕ್ಕೀರಯ್ಯ. ಮಿಠಾಯಿಯ ತುಪ್ಪ, ಸಕ್ಕರೆ ಎಲ್ಲ ಅವನ ಕೈ ದಾಟಿಯೇ ಬರಬೇಕು. ಹೊನ್ನಾಜಿಗೆ ಒಂದು ತಟ್ಟೆ ಹೋದರೆ ಅವನ ಮನೆಗೆ ಎರಡು ಹೋಗುತ್ತಿತ್ತು. ಹುಡುಗಿ ಕುಂಬಳ ತಿಂದರೆ ನನ್ನ ಬಾಯಿಗೆ ಮಣ್ಣು ಅಂತ ಚಡಪಡಿಸಿದ.

ಆ ಸೀಮೆಯಲ್ಲಿ ಒಂದು ಪದ್ಧತಿ. ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಪೆಟ್ಟು ಹಾಕುವಂತಿಲ್ಲ. ಗಂಡಸೊಬ್ಬ ಒಡೆದುಕೊಟ್ಟ ಮೇಲೆಯೇ ಅವರು ಹೆಚ್ಚಬೇಕು. ಯಾಕೆ ಅಂತ ನನ್ನನ್ನು ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಮೊದಲನೆಯ ದಿನ ನಿಂಗಾಜಮ್ಮ ಕುಂಬಳವನ್ನು ಬಿದಿರಿನ ಮಕ್ಕರಿ ಕೆಳಗೆ ಮುಚ್ಚಿಟ್ಟು, ಮಕ್ಕಳನ್ನು ಕೈ ತೊಳೆಯಲು ಬಾವಿಕಟ್ಟೆಗೆ ಕಳಿಸಿ, ಸೌದೆ ಒಡೆಯುವ ಆಳನ್ನು ಕರೆಯಲು ಹೋದಳು. ಬಂದು ಮಕ್ಕರಿ ಎತ್ತಿದರೆ ಅಲ್ಲಿ ಬೋರಲು ಹಾಕಿದ ಮಡಕೆ!

ಬಾಗಿಲಲ್ಲಿ ಚಿಕ್ಕೀರಯ್ಯ ನಿಂತಿದ್ದ. "ಏನಜ್ಜೀ, ಮಡಕೇನ ಹೆಚ್ಚಿ ಪಲ್ಯ ಮಾಡ್ತೀರಾ?" ಅಂತ ನಕ್ಕ. ಕೈಯಲ್ಲಿದ್ದ ಮಿಠಾಯಿ ತಟ್ಟೆಯನ್ನು ಹೊನ್ನಾಜಿಯ ಮುಂದಿಟ್ಟ.

ಎರಡನೆಯ ದಿನ ಇನ್ನೊಂದು ಕುಂಬಳ ತಂದಳು. ಮುಚ್ಚಿಟ್ಟಳು. ಆಳನ್ನು ಕರೆದು ಬಂದಳು. ಮಕ್ಕರಿ ಎತ್ತಿದರೆ ರುಬ್ಬುವ ಗುಂಡುಕಲ್ಲು! "ಅಜ್ಜೀ, ಇದು ಬೇಯೋಕೆ ಸೌದೆ ಸಾಲಲ್ಲ" ಅಂದ ಚಿಕ್ಕೀರಯ್ಯ. ನಿಂಗಾಜಮ್ಮ ಹಿತ್ತಲಿಗೆ ಓಡಿ ಬಳ್ಳಿ ನೋಡಿದಳು. ಎರಡು ತೊಟ್ಟು ಕೊಯ್ದ ಗುರುತಿತ್ತು. ಆದರೆ ಕೊಯ್ದದ್ದು ನಿನ್ನೆ ಇವತ್ತೋ, ಹೋದ ವಾರವೋ? ಅರಮನೆಗೆ ತಂದೆನೋ, ಅಕ್ಕನ ಮನೆಗೆ ಕೊಟ್ಟೆನೋ? ಅವಳ ತಲೆ ಗಿರ್ರೆಂದಿತು. ಕಾವಲು ಇಡೋಣ ಅಂದರೆ, ಇಲ್ಲದ ಕುಂಬಳಕ್ಕೆ ಕಾವಲೇ ಅಂತ ನಗುತ್ತಾರೆ.

ಮೂರನೆಯ ದಿನ ಕುಂಬಳ ಇಟ್ಟೊಡನೆ, ಇಟ್ಟದ್ದು ನೆನಪಿರಲಿ ಅಂತ ಸೆರಗಿಗೆ ಗಂಟು ಹಾಕಿದಳು. ಬಂದು ಮಕ್ಕರಿ ಎತ್ತಿದಳು. ಬೆಕ್ಕು! ಮೈಮುರಿದು, ಮ್ಯಾಂವ್ ಅಂದು ಹೊರಟುಹೋಯಿತು. ನಿಂಗಾಜಮ್ಮ ಸೆರಗು ನೋಡಿಕೊಂಡಳು. ಗಂಟು ಇತ್ತು. ಗಂಟು ಯಾಕೆ ಹಾಕಿದೆ ಅನ್ನುವುದೇ ಈಗ ಗೊಂದಲವಾಯಿತು. ಕುಂಬಳಕ್ಕೋ, ಕೊಡಬೇಕಾದ ಉಪ್ಪಿಗೋ, ಉರಿಯುವ ಒಲೆಗೋ? ಪಾಪ, ಮುದುಕಿ ಅಲ್ಲೇ ಕುಸಿದು ಕೂತಳು. ಅವತ್ತು ಹೊನ್ನಾಜಿ ಮಾತ್ರ ಮಿಠಾಯಿ ತಟ್ಟೆಯನ್ನು ಮುಟ್ಟಲಿಲ್ಲ.

ಚಿಕ್ಕೀರಯ್ಯ ದೊರೆಯ ಮುಂದೆ ಹೋಗಿ ಕೈಮುಗಿದ. "ಬುದ್ಧೀ, ಮೊನ್ನೆ ಮಡಕೆ, ನಿನ್ನೆ ಗುಂಡುಕಲ್ಲು, ಇವತ್ತು ಬೆಕ್ಕು! ಅಜ್ಜಿಗೆ ಅರುಳು ಮರುಳು. ಕುಂಬಳ ಅಂತ ಒಂದಿದ್ದರೆ ತಾನೇ? ಈ ಮೂರು ದಿನ ನಾನಂತೂ ಕುಂಬಳಕಾಯಿ ಮುಖಾನೇ ನೋಡಿಲ್ಲ."

ಆಸ್ಥಾನ ಸೇರಿತು. ದೊರೆ ಬೇಸರದಿಂದಲೇ ಹೇಳಿದ, "ಅಜ್ಜೀ, ಸೌಟು ಕೆಳಗಿಡು."

ನಿಂಗಾಜಮ್ಮ ಎದುರಾಡಲಿಲ್ಲ. ಇಷ್ಟು ಜನ ಇಲ್ಲ ಅನ್ನುವಾಗ ನನ್ನೊಬ್ಬಳ ನೆನಪು ಯಾವ ಲೆಕ್ಕ ಅನ್ನಿಸಿಬಿಟ್ಟಿತ್ತು. ಸೌಟು ಇಡಲು ಬಗ್ಗಿದಳು.

"ಇಡಬೇಡ ಅಜ್ಜೀ!" ಅಂತ ಹೊನ್ನಾಜಿ ಕೂಗಿದಳು. ಮಣೆ ಹತ್ತಿ ನಿಂತಳು. "ಯಾರೋ ಕದ್ದಿದ್ದಾರೆ. ಕುಂಬಳಕಾಯಿ ಕಳ್ಳನ ಹೆಗಲ ಮೇಲೆ ಬೂದಿ ಇದೆ, ನೋಡಿ!"

ಅಂದದ್ದೇ ತಡ, ಮಂತ್ರಿ ಹೆಗಲು ಮುಟ್ಟಿಕೊಂಡ. ದಳವಾಯಿ ಹೆಗಲು ಒರೆಸಿಕೊಂಡ. ಸಾಕ್ಷಾತ್ ದೊರೆಯೇ ಶಾಲು ಸರಿಸಿ ನೋಡಿಕೊಂಡ! "ಎಲ್ಲರೂ ಕಳ್ಳರಾದರೆ ಯಾರನ್ನಪ್ಪಾ ಹಿಡಿಯೋದು?" ಅಂತ ದೊರೆಗೂ ಗೊಂದಲ.

ಚಿಕ್ಕೀರಯ್ಯನೊಬ್ಬ ಕೈ ಕಟ್ಟಿಕೊಂಡೇ ನಿಂತಿದ್ದ. ಗಾದೆ ಅವನಿಗೂ ಗೊತ್ತು. ಎದೆಯುಬ್ಬಿಸಿ ಹೇಳಿದ, "ನನ್ನನ್ನು ನೋಡಿ ಬುದ್ಧೀ, ಕೈ ಅಲ್ಲಾಡಿಸಲಿಲ್ಲ. ಸಿಹಿಗುಂಬಳಕ್ಕೆ ಎಲ್ಲಾದರೂ ಬೂದಿ ಇರುತ್ತಾ?"

ಎಲ್ಲರೂ ನಕ್ಕರು. ನಿಂಗಾಜಮ್ಮ ನಗಲಿಲ್ಲ. ಅವಳು ಒಂದು ಸಲ ಯೋಚಿಸಿದಳು. ಎರಡು ಸಲ ಯೋಚಿಸಿದಳು. ಮೂರನೆಯ ಸಲವೂ ಬಗೆಹರಿಯಲಿಲ್ಲ.

"ಅಲ್ಲಪ್ಪಾ ಚಿಕ್ಕೀರಯ್ಯ, ನನಗೆ ಮರೆವು, ತಪ್ಪಿದ್ದರೆ ತಿದ್ದು" ಅಂದಳು. "ಅದು ಸಿಹಿಗುಂಬಳ ಅಂತ ನಾನು ಯಾರಿಗೂ ಹೇಳಿರಲಿಲ್ಲ. ನಿನಗೇನಾದರೂ ಹೇಳಿದ್ನಾ?"

ಎಲ್ಲರ ಕಣ್ಣು ಚಿಕ್ಕೀರಯ್ಯನ ಕಡೆ ತಿರುಗಿತು. ಮುದುಕಿ ಮತ್ತೆ ಕೇಳಿದಳು,

"ಅದರ ಮುಖಾನೇ ನೋಡಿಲ್ಲ ಅಂದೆಯಂತಲ್ಲಪ್ಪಾ. ಮೈಮೇಲೆ ಬೂದಿ ಇಲ್ಲ ಅಂತ ಹೆಂಗೆ ಗೊತ್ತಾಯ್ತು?"

ಆಗ ನೋಡಿ, ಚಿಕ್ಕೀರಯ್ಯನ ಕೈ ತಾನಾಗಿಯೇ ಮೇಲೆದ್ದು ಹೆಗಲನ್ನು ಮುಟ್ಟಿತು.

ಭಟರು ಅವನ ಮನೆಗೆ ಹೋದರು. ಅಟ್ಟದ ಮೇಲೆ ಮೂರು ಸಿಹಿಗುಂಬಳ, ಪಕ್ಕದಲ್ಲಿ ಗಡಿಗೆಗಟ್ಟಲೆ ಅರಮನೆಯ ತುಪ್ಪ. ದೊರೆ ಉಗ್ರಾಣದ ಬೀಗದ ಕೈ ಕಿತ್ತುಕೊಂಡು ಅವನಿಗೆ ಹೊಸ ಕೆಲಸ ಕೊಟ್ಟ. "ಕುಂಬಳ ಒಡೆಯೋಕೆ ಒಬ್ಬ ಗಂಡಸು ಬೇಕಂತಲ್ಲ. ಇನ್ನು ಮೇಲೆ ದಿನಾ ನೀನೇ ಹೊತ್ತು ತಾ, ನೀನೇ ಒಡೆ."

ಅವನು ಬೆವರಿಳಿಸಿಕೊಂಡು ಒಡೆದುಕೊಟ್ಟ. ಮಕ್ಕಳು ಅಡುಗೆಮನೆಗೆ ನುಗ್ಗಿದರು. ಒಬ್ಬ ಬೀಜ ಬಗೆದ, ಇನ್ನೊಬ್ಬಳು ತೊಳೆದು ಹುರಿಯಲು ಹರವಿದಳು. ಹೊನ್ನಾಜಿ ಮೂಗಿಗೆಲ್ಲ ಹಳದಿ ಮೆತ್ತಿಕೊಂಡು ತುರಿದಳು. ಸಾಸಿವೆ ಒಗ್ಗರಣೆಗೆ ಕಾಯಿತುರಿ ಉದುರಿಸಿ ಒಂದು ಪಲ್ಯ, ತೊಗರಿಬೇಳೆ ಹಾಕಿ ಒಂದು ಹುಳಿ, ಅಕ್ಕಿತರಿಗೆ ಕಲೆಸಿ ಬಾಳೆಲೆಯಲ್ಲಿ ಬೇಯಿಸಿದ ಕಡುಬು. ಕಡುಬು ಒಂದೊಂದು ಒಂದೊಂದು ಆಕಾರ. "ಇದು ನಂದು!" ಅಂತ ಹೊನ್ನಾಜಿ ಎಲ್ಲಕ್ಕಿಂತ ವಕ್ರವಾದದ್ದನ್ನು ಎತ್ತಿಕೊಂಡು ತಿಂದಳು. ಇನ್ನೊಂದು ಕೇಳಿದಳು. ತಿಂಗಳಾಗುವಷ್ಟರಲ್ಲಿ ಹನ್ನೊಂದನೆಯ ಮೆಟ್ಟಿಲು ದಾಟಿ ಕೋಟೆಯ ತುದಿಗೆ ಓಡಿದಳು.

ಕಳ್ಳ ಸಿಕ್ಕಿದ ಮಾರನೆಯ ದಿನ ನಿಂಗಾಜಮ್ಮ, ಚಿಕ್ಕೀರಯ್ಯ ಹೊತ್ತು ತಂದಿದ್ದ ಕುಂಬಳವನ್ನು ಮುಚ್ಚಿಟ್ಟು, ಒಡೆಯಲು ಅವನನ್ನೇ ಕೂಗಲು ಹೋದಳು. ವಾಪಸು ಬಂದು ಮಕ್ಕರಿಯ ಮೇಲೆ ಕೈಯಿಟ್ಟಳು. ಕಣ್ಣು ಮುಚ್ಚಿ ಎತ್ತಿದಳು. ಕುಂಬಳ ಇಟ್ಟಲ್ಲೇ ಇತ್ತು. ಮುದುಕಿ ಅದನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಅದಕ್ಕೇ ಹೇಳೋದು ಮಕ್ಕಳೇ, ಮಾಡಿದ ಕಳ್ಳತನವನ್ನು ಮುದುಕರ ಮರೆವಿನ ಮೇಲೆ ಹೊರಿಸಬೇಡಿ. ಕಳ್ಳ ಕೈ ಕಟ್ಟಿಕೊಳ್ಳಬಹುದು, ಬಾಯಿ ಕಟ್ಟಿಕೊಳ್ಳಲಾರ. ಏಳಿ ಈಗ, ನಿಮ್ಮ ಮನೆಯಲ್ಲಿ ಯಾವ ಕುಂಬಳ ಇದೆ ನೋಡಿಕೊಂಡು ಬನ್ನಿ.